ಪ್ಯಾಟರ್ನ್ ನೋಡಿ ಕ್ರೋಶಾ ಗೊಂಬೆ: ಸಾಲು ಓದುವುದು, ಹೆಣೆಯುವುದು, ಸಿಕ್ಕಿಕೊಂಡಾಗ ಸಹಾಯ ಪಡೆಯುವುದು

ಜಪಾನಿನಿಂದ ಬಂದ ಅಮಿಗುರುಮಿ ಗೊಂಬೆಗಳಲ್ಲಿ ಹೆಚ್ಚುಕಡಿಮೆ ಒಂದೇ ಸ್ಟಿಚ್ ಬಳಕೆಯಾಗುತ್ತದೆ. ಅದು ಸಿಂಗಲ್ ಕ್ರೋಶೆ. ಅದನ್ನೇ ಎಲ್ಲೆಲ್ಲಿ ಹೆಚ್ಚಿಸಬೇಕು, ಎಲ್ಲೆಲ್ಲಿ ಇಳಿಸಬೇಕು ಅನ್ನುವುದಷ್ಟೇ ಪ್ಯಾಟರ್ನ್. ಇಷ್ಟು ಸುಲಭವಾದದ್ದರಲ್ಲೂ ತುಂಬ ಜನ ಆರೇಳು ಸುತ್ತು ಹೆಣೆದು, ಲೆಕ್ಕ ಹೊಂದದೆ, "ಪ್ಯಾಟರ್ನೇ ತಪ್ಪಿದೆ" ಎಂದು ಕೈಬಿಡುತ್ತಾರೆ. ಪ್ಯಾಟರ್ನ್ ತಪ್ಪಿರುವುದೂ ಉಂಟು. ಆದರೆ ತಪ್ಪು ಅದರದೋ ನಮ್ಮ ಕೈಯದೋ ಎಂದು ಕ್ರೋಶಾ ಕಡ್ಡಿ ಹಿಡಿಯುವ ಮೊದಲೇ ಕೂಡಿಸಿ ಕಳೆದು ತಿಳಿಯಬಹುದು. ಆ ಲೆಕ್ಕ ಬಂದರೆ ಯಾರನ್ನೂ ಕೇಳದೆ ಮುಕ್ಕಾಲು ತೊಡಕು ಬಿಡಿಸಿಕೊಳ್ಳಬಹುದು. ಉಳಿದದ್ದನ್ನು ಕೇಳುವಾಗಲೂ ಏನು ಕೇಳಬೇಕೆಂದು ಗೊತ್ತಿರುತ್ತದೆ.

ಚೈನ್ ಮತ್ತು ಸಿಂಗಲ್ ಕ್ರೋಶೆ ಹಾಕಲು ಬರುತ್ತದೆ ಎಂದುಕೊಂಡೇ ಮುಂದಿನದನ್ನು ಬರೆದಿದೆ.

ಪ್ಯಾಟರ್ನ್ ಅಮೆರಿಕದ್ದೋ ಬ್ರಿಟನ್ನಿನದ್ದೋ

ಒಂದೇ ಹೆಸರಿಗೆ ಎರಡು ದೇಶಗಳಲ್ಲಿ ಎರಡು ಅರ್ಥ. ಅಮೆರಿಕದವರ ಸಿಂಗಲ್ ಕ್ರೋಶೆಯೇ ಬ್ರಿಟಿಷರ ಡಬಲ್ ಕ್ರೋಶೆ. ಅಮೆರಿಕದವರ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಪ್ಯಾಟರ್ನಿನಲ್ಲಿ ಎಲ್ಲಾದರೂ 'ಎಸ್‌ಸಿ' ಕಂಡರೆ ಅದು ಅಮೆರಿಕನ್ ಪದ್ಧತಿ, ಏಕೆಂದರೆ ಈಗಿನ ಬ್ರಿಟಿಷ್ ಪ್ಯಾಟರ್ನಿನಲ್ಲಿ ಸಿಂಗಲ್ ಕ್ರೋಶೆ ಎಂಬ ಹೆಸರು ಬರುವುದಿಲ್ಲ. ಇಡೀ ಗೊಂಬೆಯಲ್ಲಿ 'ಡಿಸಿ' ಮಾತ್ರ ಇದ್ದು 'ಎಸ್‌ಸಿ' ಎಲ್ಲೂ ಇಲ್ಲದಿದ್ದರೆ ಬ್ರಿಟಿಷ್ ಎಂದು ತಿಳಿದು ಸಿಂಗಲ್ ಹಾಕಿ. ತಿಳಿಯದೆ ಡಬಲ್ ಹಾಕಿದರೆ ತಲೆ ಸೋರೆಕಾಯಿಯಂತೆ ಉದ್ದವಾಗಿ, ಸ್ಟಿಚ್ಚಿನ ನಡುವೆ ಒಳಗೆ ತುಂಬಿದ ಹತ್ತಿ ಇಣುಕುತ್ತದೆ.

ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಬಾಗಿಲ ತೋರಣ, ಟೇಬಲ್ ಕ್ಲಾತ್ ಹೆಣೆದವರಿದ್ದರೆ ದಾರದ ಬಿಗಿ ಹಿಡಿಯುವುದನ್ನು ಅವರಿಂದ ಕಲಿಯಿರಿ, ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಳೆಯ ಬ್ರಿಟಿಷ್ ಪುಸ್ತಕ ನೋಡಿ ಕಲಿತವರಾದರೆ ಹೆಸರುಗಳ ವಿಷಯದಲ್ಲಿ ಮಾತ್ರ ಒಮ್ಮೆ ಸರಿನೋಡಿಕೊಳ್ಳಿ.

ಸಾಮಾನ್ಯವಾಗಿ ಕಾಣುವ ಸಂಕ್ಷೇಪಗಳು ಇವು. 'ಎಮ್‌ಆರ್' ಅಂದರೆ ಮ್ಯಾಜಿಕ್ ರಿಂಗ್, ಮೊದಲ ಸುತ್ತು ಹೆಣೆದ ಮೇಲೆ ಎಳೆದು ಬಿಗಿಯುವ ದಾರದ ಕುಣಿಕೆ. 'ಐಎನ್‌ಸಿ' ಅಂದರೆ ಒಂದೇ ಸ್ಟಿಚ್ಚಿನಲ್ಲಿ ಎರಡು ಸಿಂಗಲ್. 'ಡಿಇಸಿ' ಅಂದರೆ ಎರಡು ಸ್ಟಿಚ್ ಸೇರಿಸಿ ಒಂದು. 'ಎಸ್‌ಎಲ್ ಎಸ್‌ಟಿ' ಸ್ಲಿಪ್ ಸ್ಟಿಚ್, ಎತ್ತರ ಬೆಳೆಸದೆ ಜೋಡಿಸುವ ಸ್ಟಿಚ್. 'ಬಿಎಲ್‌ಓ' ಎಂದರೆ ಹಿಂದಿನ ಎಳೆಯಲ್ಲಿ ಮಾತ್ರ, 'ಎಫ್‌ಎಲ್‌ಓ' ಎಂದರೆ ಮುಂದಿನ ಎಳೆಯಲ್ಲಿ ಮಾತ್ರ. 'ಎಫ್‌ಓ' ಎಂದರೆ ದಾರ ಕತ್ತರಿಸಿ ಮುಗಿಸಿ. ಚೀನಾ, ಟರ್ಕಿ ಕಡೆಯ ಪ್ಯಾಟರ್ನುಗಳಲ್ಲಿ ಅಕ್ಷರಗಳೇ ಬೇರೆ: 'ಎಕ್ಸ್' ಸಿಂಗಲ್, 'ವಿ' ಹೆಚ್ಚಿಸುವುದು, 'ಎ' ಇಳಿಸುವುದು. ಜಪಾನಿ ಪುಸ್ತಕಗಳಲ್ಲಿ ಮಾತಿನ ಬದಲು ಚಿತ್ರ ಇರುತ್ತದೆ. ಅಲ್ಲಿ × ಅಥವಾ + ಗುರುತೇ ಸಿಂಗಲ್. ಭಾಷೆ ಬಾರದಿದ್ದರೂ ಚಿತ್ರ ನೋಡಿ ಹೆಣೆಯಬಹುದು.

ಪ್ರತಿ ಸಾಲಿಗೂ ಜಮಾ-ಖರ್ಚು

ಪ್ಯಾಟರ್ನಿನ ಒಂದು ಸಾಲು ಹೀಗಿರುತ್ತದೆ: ಸುತ್ತು 5: (3 ಸಿಂಗಲ್, 1 ಹೆಚ್ಚು) × 6 [30].

ಕಂಸದೊಳಗಿನದನ್ನು ಆರು ಸಲ ಮಾಡಬೇಕು. ಕೊನೆಯ 30 ಎಂಬುದು ಸುತ್ತು ಮುಗಿದಾಗ ಇರಬೇಕಾದ ಸ್ಟಿಚ್. ಇದನ್ನು ಅಂಗಡಿ ಲೆಕ್ಕದ ಪುಸ್ತಕದಂತೆ ಎರಡು ಕಡೆಯಿಂದ ನೋಡಿ. ಖರ್ಚು ಎಂದರೆ ಹಿಂದಿನ ಸುತ್ತಿನ ಎಷ್ಟು ಸ್ಟಿಚ್ ಬಳಕೆಯಾಯಿತು ಎಂಬುದು. ಸಿಂಗಲ್‌ಗೆ 1, ಹೆಚ್ಚಿಸಲು 1, ಇಳಿಸಲು 2. ಜಮಾ ಎಂದರೆ ಎಷ್ಟು ಹೊಸ ಸ್ಟಿಚ್ ಬಂತು ಎಂಬುದು. ಸಿಂಗಲ್‌ಗೆ 1, ಹೆಚ್ಚಿಸಿದರೆ 2, ಇಳಿಸಿದರೆ 1.

ಮೇಲಿನ ಸಾಲಿನಲ್ಲಿ ಖರ್ಚು (3 + 1) × 6 = 24, ಜಮಾ (3 + 2) × 6 = 30. ನಾಲ್ಕನೇ ಸುತ್ತಿನ ಕೊನೆಗೆ 24 ಎಂದು ಬರೆದಿದ್ದರೆ, ಐದನೆಯದರ ಕೊನೆಗೆ 30 ಎಂದಿದ್ದರೆ ಸಾಲು ಸರಿ. ಖರ್ಚು ಹಿಂದಿನ ಸಾಲಿನ ಮೊತ್ತಕ್ಕೆ ಹೊಂದದಿದ್ದರೆ ಪ್ಯಾಟರ್ನಿನಲ್ಲೇ ಅಚ್ಚಿನ ತಪ್ಪಿದೆ. ಹೊಂದಿದ್ದೂ ನಿಮ್ಮ ಎಣಿಕೆ ಬೇರೆ ಬಂದರೆ ತಪ್ಪು ನಿಮ್ಮ ಕೈಯದು. ದುಡ್ಡು ಕೊಟ್ಟು ಕೊಂಡ ಪ್ಯಾಟರ್ನ್ ಆದರೂ ಇಡೀ ಗೊಂಬೆಯ ಸಾಲುಗಳನ್ನು ಪೆನ್ಸಿಲ್ ಹಿಡಿದು ಒಮ್ಮೆ ಹೀಗೆ ನೋಡಿಬಿಡಿ.

ಈ ಲೆಕ್ಕ ಮೇಲ್ನೋಟಕ್ಕೆ ಹೊಂದದಂತೆ ಕಾಣುವ ಒಂದು ಜಾಗವಿದೆ. ಮೂತಿ, ಪಾದಗಳಿಗೆ ಬರುವ ಮೊಟ್ಟೆಯಾಕಾರದ ಆರಂಭ ಅದು. 7 ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನ್‌ನಿಂದ ಶುರುಮಾಡಿ 5 ಸಿಂಗಲ್, ಕೊನೆಯ ಚೈನ್‌ನಲ್ಲಿ 3, ಆಮೇಲೆ ತಿರುವಿ ಅದೇ ಚೈನ್‌ಗಳ ಕೆಳಬದಿಯಲ್ಲಿ 4 ಸಿಂಗಲ್, ಕೊನೆಗೆ 1 ಹೆಚ್ಚು. ಒಟ್ಟು 14. ಬಳಸಿದ್ದು ಆರೇ ಚೈನ್, ಬಂದದ್ದು ಹದಿನಾಲ್ಕು ಹೇಗೆ ಎಂದರೆ, ಚೈನ್‌ನ ಎರಡೂ ಬದಿಯಲ್ಲಿ ಹೆಣೆದಿದ್ದೀರಿ. ಇಲ್ಲಿ 12 ಅಥವಾ 13 ಬಂದರೆ ತುದಿಯ ಚೈನ್‌ನಲ್ಲಿ ಮೂರು ಬಿದ್ದಿದೆಯೇ, ಕೊನೆಯ ಹೆಚ್ಚು ಬಿದ್ದಿದೆಯೇ ಎಂದು ಮೊದಲು ನೋಡಿ.

ಇನ್ನೊಂದು ಬಲೆ: "ಮುಂದಿನ ಸ್ಟಿಚ್ಚಿನಲ್ಲಿ 3 ಸಿಂಗಲ್" ಮತ್ತು "ಮುಂದಿನ 3 ಸ್ಟಿಚ್ಚುಗಳಲ್ಲಿ ಸಿಂಗಲ್". ಮೊದಲನೆಯದರ ಖರ್ಚು 1, ಎರಡನೆಯದರದು 3. ಇಂಗ್ಲಿಷಿನಲ್ಲಿ ಎರಡೂ ಸಾಲು ನೋಡಲು ಒಂದೇ ತರಹ ಇರುತ್ತವೆ. ಅನುಮಾನ ಬಂದರೆ ಎರಡು ರೀತಿಯಲ್ಲೂ ಜಮಾ-ಖರ್ಚು ಹಾಕಿ. ಯಾವುದು ಮೊತ್ತಕ್ಕೆ ಹೊಂದುತ್ತದೋ ಅದೇ ಸರಿ.

ದಾರ, ಕಡ್ಡಿ, ಹತ್ತಿ, ಕಣ್ಣು

ನಮ್ಮ ಅಂಗಡಿಗಳಲ್ಲಿ ಸಿಗುವ '4 ಪ್ಲೈ' ಅಕ್ರಿಲಿಕ್ ಉಲ್ಲನ್ ಬ್ರಿಟಿಷ್ ಪ್ಯಾಟರ್ನಿನ '4 ಪ್ಲೈ'ಗಿಂತ ಸಾಮಾನ್ಯವಾಗಿ ದಪ್ಪ. ಪ್ಲೈ ಎಂದರೆ ಎಷ್ಟು ಎಳೆ ಸೇರಿಸಿ ಹುರಿ ಮಾಡಿದೆ ಎಂಬುದಷ್ಟೇ, ದಪ್ಪದ ಅಳತೆ ಅಲ್ಲ. ಹಾಗಾಗಿ ಲೇಬಲ್ಲಿನ ಮೇಲೆ ಗ್ರಾಂ-ಮೀಟರ್ ನೋಡಿ. 100 ಗ್ರಾಂಗೆ 350–400 ಮೀಟರ್ ಬಂದರೆ ಅದು ಬ್ರಿಟಿಷರ 4 ಪ್ಲೈ, ತೆಳು. 200–250 ಮೀಟರ್ ಆದರೆ ಡಿಕೆ (ಡಬಲ್ ನಿಟ್ಟಿಂಗ್), ಮಧ್ಯಮ ದಪ್ಪ. 200ರ ಆಸುಪಾಸು ಅಥವಾ ಕಡಿಮೆ ಆದರೆ ಸಾಮಾನ್ಯವಾಗಿ ವರ್ಸ್ಟೆಡ್, ಡಿಕೆಗಿಂತ ದಪ್ಪ. ಅಮೆರಿಕನ್ ಪ್ಯಾಟರ್ನಿನಲ್ಲಿ ದಾರದ ಚಿತ್ರದೊಳಗೆ 3 ಎಂದಿದ್ದರೆ ಡಿಕೆ, 4 ಎಂದಿದ್ದರೆ ವರ್ಸ್ಟೆಡ್. ದಾರ ಬೇರೆಯಾದರೆ ಗೊಂಬೆಯ ಗಾತ್ರ ಬದಲಾಗುತ್ತದೆ, ಆಕಾರ ಕೆಡುವುದಿಲ್ಲ. ಎಲ್ಲ ಭಾಗಗಳಿಗೂ ಒಂದೇ ದಪ್ಪದ ದಾರ ಇರಬೇಕು, ಅಷ್ಟೇ.

ಮೊದಲ ಗೊಂಬೆಗೆ ತಿಳಿಬಣ್ಣದ, ನುಣುಪಾದ ಅಕ್ರಿಲಿಕ್ ಅಥವಾ ಮಿಲ್ಕ್ ಕಾಟನ್ ಒಳ್ಳೆಯದು. ಕಪ್ಪು ದಾರದಲ್ಲಿ ಸ್ಟಿಚ್ ಕಾಣದು. ವೆಲ್ವೆಟ್ ದಾರದ ಗೊಂಬೆಗಳು ವಿಡಿಯೊದಲ್ಲಿ ಮುದ್ದಾಗಿ ಕಾಣುತ್ತವೆ ಎಂದು ಅದರಲ್ಲೇ ಕಲಿಯಲು ಹೋಗಬೇಡಿ. ಅದರಲ್ಲಿ ಸ್ಟಿಚ್ಚನ್ನು ಕಣ್ಣಿನಿಂದ ನೋಡುವಂತಿಲ್ಲ, ಬೆರಳಿನಿಂದ ತಡವಿ ಹುಡುಕಬೇಕು. ಎರಡು ಸಲ ಬಿಚ್ಚಿದರೆ ಎಳೆ ಉದುರಿ ಬೋಳಾಗುತ್ತದೆ.

ಕಡ್ಡಿ ಲೇಬಲ್ ಹೇಳಿದ್ದಕ್ಕಿಂತ 1ರಿಂದ 1.5 ಮಿ.ಮೀ. ಚಿಕ್ಕದಿರಲಿ. ಲೇಬಲ್ 4 ಮಿ.ಮೀ. ಎಂದರೆ 2.5 ಅಥವಾ 3 ತೆಗೆದುಕೊಳ್ಳಿ. ಲೇಬಲ್ ಸ್ವೆಟರಿನ ಲೆಕ್ಕದ್ದು, ಗೊಂಬೆಗೆ ಹತ್ತಿ ಹೊರಬಾರದಷ್ಟು ಬಿಗಿ ಬೇಕು. ಕಡ್ಡಿಗೆ ಅಕ್ಷರ ಕೊಟ್ಟಿದ್ದರೆ ಅಮೆರಿಕನ್ 'ಇ' 3.5 ಮಿ.ಮೀ., 'ಜಿ' 4 ಮಿ.ಮೀ.

ತುಂಬಲು ಪಾಲಿಯೆಸ್ಟರ್ ಫೈಬರ್, ಅಂದರೆ ದಿಂಬಿನಂಗಡಿಯಲ್ಲಿ ರೆಕ್ರಾನ್ ಎಂದು ಕೇಳಿದರೆ ಕೊಡುವಂಥದ್ದು ಸಾಕು. ಅರಳೆ ಗಂಟುಕಟ್ಟುತ್ತದೆ, ಒಗೆದರೆ ಬೇಗ ಒಣಗದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುವುದು ಖಂಡಿತ. ಬಟ್ಟೆಯ ಚೂರು ತುಂಬಿದರೆ ಮೈ ಉಬ್ಬುತಗ್ಗಾಗುತ್ತದೆ.

ಹಿಂದೆ ವಾಷರ್ ಕೂರುವ ಪ್ಲಾಸ್ಟಿಕ್ ಕಣ್ಣಿಗೆ 'ಸೇಫ್ಟಿ ಐ' ಎಂಬ ಹೆಸರಿದ್ದರೂ 3 ವರ್ಷದೊಳಗಿನ ಮಗುವಿನ ಗೊಂಬೆಗೆ ಅದು ಬೇಡ. ಮಗು ಕಚ್ಚಿ ಎಳೆದಾಗ ಸ್ಟಿಚ್ಚೇ ಅಗಲವಾಗಿ ವಾಷರ್ ಸಮೇತ ಹೊರಬರಬಹುದು. ಕಪ್ಪು ದಾರದಲ್ಲಿ ಕಸೂತಿ ಹಾಕಿ.

ಇನ್ನು ಮೊಂಡು ಮೂತಿಯ ದೊಡ್ಡ ಸೂಜಿ, ಗುಂಡುಪಿನ್ನು, ಕತ್ತರಿ, ಸ್ಟಿಚ್ ಗುರುತಿಸಲು ಸಿಕ್ಕಿಸುವ ಮಾರ್ಕರ್. ಮಾರ್ಕರ್ ಇಲ್ಲದಿದ್ದರೆ ಬೇರೆ ಬಣ್ಣದ ದಾರದ ತುಂಡು ಸಾಕು.

ಒಂದು ಕರಡಿ

ಡಿಕೆ ದಪ್ಪದ ದಾರ 50 ಗ್ರಾಂ (ಒಂದಿಷ್ಟು ಉಳಿಯುತ್ತದೆ), 3 ಮಿ.ಮೀ. ಕಡ್ಡಿ, ಫೈಬರ್ ಸುಮಾರು 20 ಗ್ರಾಂ, 8 ಮಿ.ಮೀ. ಕಣ್ಣು ಎರಡು. ಕೂತ ಕರಡಿ ಹೆಚ್ಚುಕಡಿಮೆ 12 ಸೆಂ.ಮೀ. ಬರುತ್ತದೆ. ಕೆಳಗೆ 'ಸಿಂ' ಸಿಂಗಲ್ ಕ್ರೋಶೆ, 'ಹೆ' ಹೆಚ್ಚಿಸುವುದು, 'ಇ' ಇಳಿಸುವುದು. ಸುತ್ತಿನ ಕೊನೆಗೆ ಸ್ಲಿಪ್ ಸ್ಟಿಚ್ ಹಾಕಿ ಜೋಡಿಸದೆ ಸುರುಳಿಯಂತೆ ಹೆಣೆಯುತ್ತ ಹೋಗಿ. ಪ್ರತಿ ಸುತ್ತಿನ ಮೊದಲ ಸ್ಟಿಚ್ಚಿಗೆ ಮಾರ್ಕರ್ ಹಾಕಿ.

ತಲೆ (ನೆತ್ತಿಯಿಂದ ಶುರು)
1: ಮ್ಯಾಜಿಕ್ ರಿಂಗಿನಲ್ಲಿ 6 ಸಿಂ [6]
2: ಹೆ × 6 [12]
3: (1 ಸಿಂ, ಹೆ) × 6 [18]
4: (2 ಸಿಂ, ಹೆ) × 6 [24]
5: (3 ಸಿಂ, ಹೆ) × 6 [30]
6: 2 ಸಿಂ, ಹೆ, (4 ಸಿಂ, ಹೆ) × 5, 2 ಸಿಂ [36]
7–12: 36 ಸಿಂ
13: (4 ಸಿಂ, ಇ) × 6 [30]
14: (3 ಸಿಂ, ಇ) × 6 [24]
15: (2 ಸಿಂ, ಇ) × 6 [18]
ದಾರ ಕತ್ತರಿಸಿ. ಬಾಯಿ ತೆರೆದೇ ಇರಲಿ.

ಆರನೇ ಸುತ್ತು ಬೇರೆ ರೀತಿ ಇರುವುದಕ್ಕೆ ಕಾರಣವಿದೆ. ಹೆಚ್ಚಿಸುವ ಜಾಗ ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಬಂದರೆ ಆರು ಮೂಲೆ ಮೂಡಿ, ತಲೆ ದುಂಡಗಾಗುವ ಬದಲು ಷಟ್ಕೋನವಾಗುತ್ತದೆ. ಜಾಗವನ್ನು ಅರ್ಧ ಸರಿಸಿದರೆ ಮೂಲೆ ಮಾಯ. ಯಾವ ಪ್ಯಾಟರ್ನಿನಲ್ಲೂ ಹೀಗೆ ಸರಿಸಿಕೊಳ್ಳಬಹುದು, ಮೊತ್ತ ಅದೇ ಬರುತ್ತದೆ.

ಮೈ
1–5: ತಲೆಯ 1–5ರಂತೆಯೇ [30]
6–10: 30 ಸಿಂ
11: (3 ಸಿಂ, ಇ) × 6 [24]
12–13: 24 ಸಿಂ
14: (2 ಸಿಂ, ಇ) × 6 [18]
15: 18 ಸಿಂ. 40 ಸೆಂ.ಮೀ. ದಾರ ಬಿಟ್ಟು ಕತ್ತರಿಸಿ.

ಕಿವಿ, ಎರಡು
1: 6 [6], 2: ಹೆ × 6 [12], 3: 12 ಸಿಂ. ತುಂಬಬೇಡಿ, ಚಪ್ಪಟೆ ಮಡಚಿ.

ಮೂತಿ
ತಲೆಯ 1–3ರಂತೆ 18ಕ್ಕೆ ಬಂದು, 4: 18 ಸಿಂ.

ಕೈ, ಎರಡು
1: 6 [6], 2: (2 ಸಿಂ, ಹೆ) × 2 [8], 3–10: 8 ಸಿಂ. ಕೆಳಗಿನ ಅರ್ಧ ಮಾತ್ರ ತುಂಬಿ. ಬಾಯಿ ಚಪ್ಪಟೆ ಹಿಡಿದು ಎರಡೂ ಪದರಕ್ಕೆ ಸೇರಿಸಿ 4 ಸಿಂ ಹಾಕಿ ಮುಚ್ಚಿ. ಭುಜದ ತನಕ ತುಂಬಿದರೆ ಕೈ ಕೆಳಗಿಳಿಯದೆ ರೆಕ್ಕೆಯಾಗಿ ನಿಲ್ಲುತ್ತದೆ.

ಕಾಲು, ಎರಡು
1: 6 [6], 2: ಹೆ × 6 [12], 3–4: 12 ಸಿಂ, 5: 3 ಸಿಂ, ಇ × 3, 3 ಸಿಂ [9], 6–8: 9 ಸಿಂ. ಐದನೇ ಸುತ್ತಿನಲ್ಲಿ ಇಳಿಸಿದ ಬದಿಯೇ ಪಾದದ ಮೇಲ್ಭಾಗ.

ಕಿವಿ, ಮೂತಿ, ಕೈ, ಕಾಲು ಎಲ್ಲಕ್ಕೂ ಹೊಲಿಯಲು 30 ಸೆಂ.ಮೀ. ದಾರ ಬಿಡಿ.

ಜೋಡಿಸುವ ಕ್ರಮ

ತಲೆ ತುಂಬುವ ಮೊದಲು ಕಣ್ಣನ್ನು 9 ಮತ್ತು 10ನೇ ಸುತ್ತಿನ ನಡುವೆ, 8 ಸ್ಟಿಚ್ ಅಂತರದಲ್ಲಿ ಚುಚ್ಚಿ ನೋಡಿ. ವಾಷರ್ ಹಾಕಿದ ಮೇಲೆ ತೆಗೆಯಲು ಆಗದು, ಆದ್ದರಿಂದ ಮೂತಿಯನ್ನೂ ಪಿನ್ ಮಾಡಿ ದೂರದಿಂದ ನೋಡಿ. ಕಣ್ಣು ಮೇಲೆ ಹೋದಷ್ಟೂ ಗೊಂಬೆ ಬೆದರಿದಂತೆ ಕಾಣುತ್ತದೆ. ತಗ್ಗಿನಲ್ಲಿ, ಅಗಲವಾಗಿ ಇಟ್ಟರೆ ಮಗುಮುಖ ಬರುತ್ತದೆ. ಒಪ್ಪಿಗೆಯಾದ ಮೇಲೆ ವಾಷರ್ ಒತ್ತಿ, ಮೂತಿಯ ಮೇಲಂಚು 9ನೇ ಸುತ್ತಿಗೆ ಬರುವಂತೆ ಹೊಲಿಯಿರಿ. ಹೊಲಿದು ಮುಗಿಯುವ ಮುನ್ನ ಅದರೊಳಗೆ ಚಿಟಿಕೆ ಫೈಬರ್ ತುಂಬಿ. ಕಿವಿ 3ರಿಂದ 8ನೇ ಸುತ್ತಿನವರೆಗೆ ಓರೆಯಾಗಿ ಕೂರುತ್ತದೆ.

ತಲೆಯಲ್ಲೂ ಮೈಯಲ್ಲೂ ತೆರೆದ ಬಾಯಿ 18 ಸ್ಟಿಚ್, ಬೇಕೆಂದೇ ಸಮ ಇಟ್ಟದ್ದು. ಇದರ ಒಂದು ಸ್ಟಿಚ್ ಅದರ ಒಂದು ಸ್ಟಿಚ್ ಎಂದು ಹೊಲಿದರೆ ಸೊಟ್ಟಾಗುವ ಪ್ರಶ್ನೆಯೇ ಇಲ್ಲ. ಕೊನೆಯ ನಾಲ್ಕೈದು ಸ್ಟಿಚ್ ಉಳಿದಾಗ ಕುತ್ತಿಗೆಯೊಳಗೆ ಇನ್ನಷ್ಟು ಫೈಬರ್ ತುರುಕಿ. ತಲೆ ಓಲಾಡುವ ಗೊಂಬೆಗಳಲ್ಲಿ ಖಾಲಿ ಇರುವುದು ಇದೇ ಜಾಗ. ಫೈಬರನ್ನು ಮುದ್ದೆ ಮಾಡಿ ಹಾಕದೆ ಎಳೆ ಬಿಡಿಸಿ ಸ್ವಲ್ಪಸ್ವಲ್ಪವೇ ಹಾಕಬೇಕು. ಕೈಕಾಲನ್ನು ಕೊನೆಗೆ ಪಿನ್ ಮಾಡಿ, ಕೂರಿಸಿ ನೋಡಿಯೇ ಹೊಲಿಯಿರಿ.

ಕೆಡುವುದು ಎಲ್ಲೆಲ್ಲಿ

ಎಣಿಕೆ ಪ್ರತಿ ಸುತ್ತಿಗೂ ಒಂದೊಂದು ಕಡಿಮೆಯಾಗುತ್ತಿದ್ದರೆ ಮಾರ್ಕರ್ ಹಾಕಿದ ಸ್ಟಿಚ್ಚನ್ನೇ ಬಿಡುತ್ತಿದ್ದೀರಿ. ಒಂದೊಂದು ಹೆಚ್ಚಾಗುತ್ತಿದ್ದರೆ, ಜೋಡಿಸುವ ಪ್ಯಾಟರ್ನುಗಳಲ್ಲಿ ಸ್ಲಿಪ್ ಸ್ಟಿಚ್ಚನ್ನೂ ಸ್ಟಿಚ್ ಎಂದು ಲೆಕ್ಕ ಹಿಡಿದು ಅದರಲ್ಲಿ ಹೆಣೆಯುತ್ತಿದ್ದೀರಿ. ಗೊಂಬೆಯ ದೊಡ್ಡ ಸುತ್ತಿನಲ್ಲಿ ಒಂದು ಸ್ಟಿಚ್ ತಪ್ಪಿದರೆ ಬಿಚ್ಚಬೇಕಿಲ್ಲ. ಮುಂದಿನ ಸುತ್ತಿನಲ್ಲಿ ಬೆನ್ನ ಕಡೆ ಒಂದು ಹೆಚ್ಚಿಸಿ ಅಥವಾ ಇಳಿಸಿ. ಎರಡು ಮೂರು ತಪ್ಪಿದ್ದರೆ, ಇಲ್ಲವೇ ತಪ್ಪು ಮೊದಲ ನಾಲ್ಕು ಸುತ್ತಿನಲ್ಲಿದ್ದರೆ ಬಿಚ್ಚುವುದೇ ಲೇಸು.

ಆರಂಭದ ಬಿಲ್ಲೆ ಅಂಚಿನಲ್ಲಿ ಅಲೆಯಲೆಯಾದರೆ ಹೆಚ್ಚಿಸಿದ್ದು ಜಾಸ್ತಿ. ಎರಡು ಮೂರನೇ ಸುತ್ತಿಗೇ ಬಟ್ಟಲಾದರೆ ಹೆಚ್ಚಿಸಿದ್ದು ಕಡಿಮೆ, ಇಲ್ಲವೇ ಕೈ ತೀರ ಬಿಗಿ. ಸಿಂಗಲ್ ಕ್ರೋಶೆಯಲ್ಲಿ ಸುತ್ತಿಗೆ ಆರು ಹೆಚ್ಚಿಸಿದರೆ ಬಿಲ್ಲೆ ಚಪ್ಪಟೆ ಉಳಿಯುತ್ತದೆ.

ಹೊಸಬರ ಗೊಂಬೆ ಒಳಮೈ ಹೊರಗಾಗಿರುವುದು ಮಾಮೂಲು. ಒಳ್ಳೆಯ ಮಗ್ಗುಲಿನಲ್ಲಿ ಸಾಲಾಗಿ ಇಂಗ್ಲಿಷಿನ 'ವಿ' ಆಕಾರ ಕಾಣುತ್ತದೆ. ಕೆಟ್ಟ ಮಗ್ಗುಲಿನಲ್ಲಿ ಅಡ್ಡಗೆರೆಗಳಿರುತ್ತವೆ. ಕಡ್ಡಿ ಯಾವಾಗಲೂ ಹೊರಗಿನಿಂದ ಒಳಕ್ಕೆ ಹೋಗಬೇಕು. ಬಿಲ್ಲೆ ತಾನಾಗಿ ತಿರುಗುಮುರುಗಾಗಿ ಸುರುಳಿಗೊಂಡರೆ ನಾಲ್ಕೈದು ಸುತ್ತಾದ ಮೇಲೆ ಬೆರಳಿನಿಂದ ತಳ್ಳಿ ಮಗುಚಿ.

ಇಳಿಸಿದ ಕಡೆ ತೂತು ಕಂಡರೆ ಇಳಿಸುವ ರೀತಿ ಬದಲಿಸಿ. ಮುಂದಿನ ಎರಡು ಸ್ಟಿಚ್ಚುಗಳ ಮುಂದಿನ ಎಳೆಗಳನ್ನು ಮಾತ್ರ ಕಡ್ಡಿಗೆ ಏರಿಸಿ, ದಾರ ಎಳೆದು ಎರಡರೊಳಗಿನಿಂದಲೂ ತಂದು, ಆಮೇಲೆ ಉಳಿದ ಎರಡು ಕುಣಿಕೆಯನ್ನು ಮುಗಿಸಿ. ಈ ಇಳಿಕೆ ಹೊರಗೆ ಕಾಣುವುದೇ ಇಲ್ಲ. ಎಲ್ಲೆಡೆಯೂ ತೂತು ಇದ್ದರೆ ಕಡ್ಡಿ ಒಂದು ಸೈಜ್ ಇಳಿಸಿ, ಇಲ್ಲವೇ ತುಂಬಿದ್ದು ಅತಿಯಾಗಿದೆ.

ಸ್ಟಿಚ್ಚಿನೊಳಗೆ ಕಡ್ಡಿ ಹಾಕಿ ದಾರವನ್ನು ಕಡ್ಡಿಯ ಮೇಲಿಂದ ಸುತ್ತಿ ಎಳೆದರೆ 'ವಿ' ಬರುತ್ತದೆ. ಸ್ಟಿಚ್ಚಿನೊಳಗೆ ಕಡ್ಡಿ ಹಾಕಿ ದಾರವನ್ನು ಕೆಳಗಿನಿಂದ ಕೊಕ್ಕೆಗೆ ಸಿಕ್ಕಿಸಿ ಎಳೆದರೆ 'ಎಕ್ಸ್' ಬರುತ್ತದೆ. ಎರಡನೆಯದು ಬಿಗಿ, ಗೊಂಬೆ ತುಸು ಚಿಕ್ಕದಾಗುತ್ತದೆ, ಬಣ್ಣದ ಪಟ್ಟಿ ಓರೆಯಾಗುವುದೂ ಕಡಿಮೆ. ಯಾವುದನ್ನೇ ಹಿಡಿಯಿರಿ, ಒಂದೇ ಗೊಂಬೆಯಲ್ಲಿ ಎರಡನ್ನೂ ಬೆರೆಸಬೇಡಿ. ಒಂದು ಕಾಲು ಇನ್ನೊಂದಕ್ಕಿಂತ ಸಣ್ಣ ಏಕೆಂಬ ಒಗಟಿನ ಉತ್ತರ ಎಷ್ಟೋ ಸಲ ಇದೇ.

ಬಣ್ಣ ಬದಲಿಸಿದಲ್ಲಿ ಹೊಸ ಬಣ್ಣದ ಮೊದಲ ಸ್ಟಿಚ್ಚಿನ ತಲೆಯಲ್ಲಿ ಹಳೆ ಬಣ್ಣ ಕಾಣುತ್ತಿದ್ದರೆ ತಡವಾಗಿ ಬದಲಿಸಿದ್ದೀರಿ. ಹಳೆ ಬಣ್ಣದ ಕೊನೆಯ ಸ್ಟಿಚ್ಚಿನಲ್ಲಿ ಕಡ್ಡಿಯ ಮೇಲೆ ಎರಡು ಕುಣಿಕೆ ಇರುವಾಗಲೇ ಹೊಸ ಬಣ್ಣ ಎಳೆಯಬೇಕು. ಕೆಂಪು ದಾರವನ್ನು ಬಿಳಿಯ ಜತೆ ಬಳಸುವ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ, ಬಣ್ಣ ಬಿಡುತ್ತದೆಯೇ ನೋಡಿ.

ಮ್ಯಾಜಿಕ್ ರಿಂಗ್ ಬಿಚ್ಚಿಕೊಂಡರೆ ತುದಿಯ ದಾರವನ್ನು ಒಂದೇ ದಿಕ್ಕಿನಲ್ಲಿ ನೇಯ್ದು ಬಿಟ್ಟಿರುತ್ತೀರಿ. ಒಂದು ಸುತ್ತು ಹೋಗಿ, ತಿರುಗಿ ಬಂದು ಗಂಟು ಹಾಕಿ. ದಾರ ತುಂಡಾಗುವ ಭಯವಿದ್ದರೆ 2 ಚೈನ್ ಹಾಕಿ, ಕಡ್ಡಿಯಿಂದ ಎರಡನೆಯದರಲ್ಲಿ 6 ಸಿಂಗಲ್ ಹಾಕಿ ಶುರುಮಾಡಿ.

ಎಡಗೈಯವರ ಹೆಣಿಗೆ ಕನ್ನಡಿಯ ಬಿಂಬದಂತೆ ಬರುತ್ತದೆ. ದುಂಡು ಭಾಗಗಳಿಗೆ ಇದರಿಂದ ತೊಂದರೆ ಇಲ್ಲ. ಎಡಗಾಲು-ಬಲಗಾಲು ಬೇರೆ ಇರುವ ಪ್ಯಾಟರ್ನಿನಲ್ಲಿ ಮಾತ್ರ ಹೆಸರು ಅದಲುಬದಲು ಮಾಡಿಕೊಳ್ಳಿ.

ಕೇಳುವುದಾದರೆ ಹೀಗೆ ಕೇಳಿ

"ನನಗೆ 7ನೇ ಸುತ್ತು ಬರುತ್ತಿಲ್ಲ, ಹೆಲ್ಪ್ ಮಾಡಿ" ಎಂದರೆ ಯಾರೂ ಏನೂ ಹೇಳಲಾರರು. ಮೊದಲು ಪ್ಯಾಟರ್ನಿನ ಹೊಸ ಆವೃತ್ತಿ ಬಂದಿದೆಯೇ ನೋಡಿ. ವಿನ್ಯಾಸಕರು ತಪ್ಪು ತಿದ್ದಿ ಮತ್ತೆ ಹಾಕಿರುತ್ತಾರೆ, ನಿಮ್ಮ ಬಳಿ ಹಳೆಯದಿರಬಹುದು. ಹೆಣಿಗೆಯವರ ಜಾಲತಾಣ ರಾವೆಲ್ರಿಯಲ್ಲಿ ಆ ಪ್ಯಾಟರ್ನ್ ಇದ್ದರೆ ಹೆಣೆದವರ ಟಿಪ್ಪಣಿಗಳಲ್ಲಿ ಅದೇ ಸುತ್ತಿನ ಮಾತು ಸಿಗಬಹುದು. ಆಮೇಲೂ ಬಗೆಹರಿಯದಿದ್ದರೆ ಮೊದಲು ಕೇಳಬೇಕಾದದ್ದು ವಿನ್ಯಾಸಕರನ್ನೇ.

ಯಾರನ್ನೇ ಕೇಳಿ, ಇಷ್ಟು ಕೊಡಿ: ಪ್ಯಾಟರ್ನಿನ ಹೆಸರು, ವಿನ್ಯಾಸಕರ ಹೆಸರು, ಯಾವ ಭಾಗ, ಯಾವ ಸುತ್ತು. ಹಿಂದಿನ ಸುತ್ತಿನ ಕೊನೆಗೆ ನಿಮ್ಮ ಕೈಯಲ್ಲಿ ಎಷ್ಟು ಸ್ಟಿಚ್ ಇತ್ತು, ಪ್ಯಾಟರ್ನ್ ಎಷ್ಟು ಎನ್ನುತ್ತದೆ, ಈ ಸುತ್ತಿನಲ್ಲಿ ಎಷ್ಟು ಉಳಿಯಿತು ಅಥವಾ ಸಾಲದಾಯಿತು. ಅಮೆರಿಕನ್ನೋ ಬ್ರಿಟಿಷೋ. ದಾರ, ಕಡ್ಡಿಯ ಅಳತೆ. ಹಗಲು ಬೆಳಕಿನಲ್ಲಿ ತೆಗೆದ ಎರಡು ಫೋಟೊ, ಒಂದು ಹೊರಮಗ್ಗುಲಿನದು, ಒಂದು ಮೇಲಿನಿಂದ ಅಂಚು ಕಾಣುವಂತೆ, ಮಾರ್ಕರ್ ಇದ್ದಲ್ಲೇ ಇರಲಿ. ಮಾದರಿಗೆ: "ಕರಡಿಯ ಕಾಲು, 5ನೇ ಸುತ್ತು. 4ರ ಕೊನೆಗೆ 12 ಇದೆ. 3 ಸಿಂಗಲ್, 3 ಇಳಿಕೆ, 3 ಸಿಂಗಲ್ ಆದ ಮೇಲೂ ಎರಡು ಸ್ಟಿಚ್ ಉಳಿಯುತ್ತಿದೆ." ಗೊತ್ತಿದ್ದವರು ಇದನ್ನು ಓದಿಯೇ ಹೇಳುತ್ತಾರೆ: ಖರ್ಚು 12 ಆಗಬೇಕಿತ್ತು, 10 ಆಗಿದೆ, ಎಲ್ಲೋ ಎರಡು ಇಳಿಕೆಯ ಜಾಗದಲ್ಲಿ ಬರೀ ಸಿಂಗಲ್ ಬಿದ್ದಿದೆ.

ದುಡ್ಡು ಕೊಟ್ಟು ಕೊಂಡ ಪ್ಯಾಟರ್ನಿನ ಪುಟಗಳನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ತೊಡಕಿನ ಒಂದು ಸಾಲು, ಅದರ ಹಿಂದಿನ ಸಾಲು ಬರೆದರೆ ಸಾಕು. ಉಳಿದದ್ದು ವಿನ್ಯಾಸಕರ ಹಕ್ಕಿನ ವಸ್ತು.

ಒಗೆಯುವುದು, ಮಾರುವುದು

ತಣ್ಣೀರಿನಲ್ಲಿ ಸೌಮ್ಯ ಸೋಪು ಹಾಕಿ ಹಿಸುಕಿ ತೊಳೆಯಿರಿ, ಟವೆಲ್ಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆಯಿರಿ, ನೆರಳಲ್ಲಿ ಗಾಳಿಗೆ ಒಣಗಿಸಿ. ಹಿಂಡಿದರೆ ಫೈಬರ್ ಒಂದೆಡೆ ಸೇರಿಕೊಳ್ಳುತ್ತದೆ. ಅಕ್ರಿಲಿಕ್ ಗೊಂಬೆಗೆ ಇಸ್ತ್ರಿ ಮುಟ್ಟಿಸಬೇಡಿ, ದಾರ ಸತ್ತು ಚಪ್ಪಟೆಯಾಗುತ್ತದೆ.

ಮಾರುವ ಯೋಚನೆ ಇದ್ದರೆ ಎರಡು ವಿಷಯ. ಆ ಪ್ಯಾಟರ್ನಿನಿಂದ ಹೆಣೆದ ಗೊಂಬೆಯನ್ನು ಮಾರಲು ವಿನ್ಯಾಸಕರ ಒಪ್ಪಿಗೆ ಇದೆಯೇ ಎಂದು ಅದರಲ್ಲೇ ಬರೆದಿರುತ್ತದೆ, ಓದಿಕೊಳ್ಳಿ. ಜತೆಗೆ ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಪ್ರಮಾಣಪತ್ರ ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ಅದರಿಂದ ವಿನಾಯಿತಿ ಕೊಡಲಾಗಿತ್ತು. ಸ್ಟಾಲ್ ಹಾಕುವ ಮುನ್ನ ಆ ನೋಂದಣಿಯನ್ನೂ ಆಗ ಜಾರಿಯಲ್ಲಿರುವ ನಿಯಮವನ್ನೂ ವಿಚಾರಿಸಿಕೊಳ್ಳಿ.